ಕಪ್ಪೆಚಿಪ್ಪಿನಲ್ಲಿ ಕಪ್ಪೆ ಯಾಕಿಲ್ಲ? ಮಕ್ಕಳಿಗೆ ಉಭಯವಾಸಿಗಳ ಪರಿಚಯ ಮಾಡಿಸುವ ಬಗೆ

ಅಣ್ಣನ ಮನೆ ಶಿರಸಿ ಹತ್ತಿರ, ಅಡಿಕೆ ತೋಟದ ಅಂಚಿಗೆ. ನಾನಿರುವುದು ಕಾರವಾರದಲ್ಲಿ. ಬೇಸಿಗೆ ರಜೆಯಲ್ಲಿ ಅವನ ಇಬ್ಬರು ಮಕ್ಕಳು ಕಡಲು ನೋಡಲು ನನ್ನಲ್ಲಿಗೆ ಬರುತ್ತಾರೆ. ಮಳೆ ಹಿಡಿದ ಮೇಲೆ ನಾನು ಅಲ್ಲಿಗೆ ಹೋಗುತ್ತೇನೆ. ನಮ್ಮ ಕಪ್ಪೆ ಪಾಠ ಶುರುವಾದದ್ದು ಕಪ್ಪೆಯೇ ಇಲ್ಲದ ಜಾಗದಲ್ಲಿ. ಟ್ಯಾಗೋರ್ ಕಡಲತೀರದಲ್ಲಿ ಚಿಪ್ಪು ಆರಿಸುತ್ತಿದ್ದ ಸಣ್ಣವನು ತಲೆ ಎತ್ತಿ ಕೇಳಿದ: "ಅತ್ತೆ, ಇದಕ್ಕೆ ಕಪ್ಪೆಚಿಪ್ಪು ಅಂತಾರಲ್ಲ, ಒಳಗಿದ್ದ ಕಪ್ಪೆ ಎಲ್ಲಿ ಹೋಯ್ತು?"

ಒಳಗಿದ್ದದ್ದು ಬಳಚಿನ ಜಾತಿಯ ಮೃದುಜೀವಿ, ಕಪ್ಪೆಗೂ ಅದಕ್ಕೂ ನಂಟಿಲ್ಲ, ಕಪ್ಪೆ ಸಮುದ್ರದಲ್ಲಿ ಬದುಕುವುದೂ ಇಲ್ಲ ಎಂದೆ. ತಕ್ಷಣ ಮುಂದಿನ ಪ್ರಶ್ನೆ ಬಂತು: "ಯಾಕೆ ಬದುಕಲ್ಲ?" ಇದಕ್ಕೆ ಉತ್ತರ ಹೇಳಲು ಹೋಗಿ ಎರಡು ಮಳೆಗಾಲ ಕಳೆಯಿತು. ಈ ಎರಡು ಮಳೆಗಾಲದಲ್ಲಿ ನಾನು ಮಾಡಿದ್ದನ್ನು, ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಐದರಿಂದ ಹನ್ನೆರಡು ವರ್ಷದ ಮಕ್ಕಳಿದ್ದರೆ ನೀವೂ ಮಾಡಬಹುದು. ಖರ್ಚು ಅಂದರೆ ಒಂದು ಟಾರ್ಚು, ಒಂದು ನೋಟ್‌ಬುಕ್, ಒಂದು ಸೌತೆಕಾಯಿ.

ಮೊದಲ ಹೆಜ್ಜೆ: 'ನೆಲ-ನೀರು ಎರಡರಲ್ಲೂ' ಎನ್ನುವ ಮಾತನ್ನು ಬದಿಗಿಡಿ

ಉಭಯವಾಸಿ ಎಂದರೆ ನೆಲದಲ್ಲೂ ನೀರಲ್ಲೂ ಇರುವ ಪ್ರಾಣಿ ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಕರಾವಳಿಯ ಮಕ್ಕಳ ಮುಂದೆ ಈ ಮಾತು ಐದು ನಿಮಿಷವೂ ನಿಲ್ಲುವುದಿಲ್ಲ. ಏಡಿ ಎರಡೂ ಕಡೆ ಓಡಾಡುತ್ತದೆ. ಕಡಲಾಮೆ ಮೊಟ್ಟೆ ಇಡಲು ಮರಳಿಗೆ ಬರುತ್ತದೆ. ದಾಂಡೇಲಿಯಲ್ಲಿ ಕಾಳಿ ನದಿಯ ಮೊಸಳೆ ಬಂಡೆ ಮೇಲೆ ಬಿಸಿಲು ಕಾಯಿಸುತ್ತದೆ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಲ್ಲಿ ತೆವಳುತ್ತಾ ಹಾರುವ ಮಡ್‌ಸ್ಕಿಪ್ಪರ್ ಅಂತೂ ಅಪ್ಪಟ ಮೀನು. ಇವುಗಳಲ್ಲಿ ಒಂದೂ ಉಭಯವಾಸಿಯಲ್ಲ.

ಇದನ್ನೇ ಆಟ ಮಾಡಿ. ಏಡಿ, ಆಮೆ, ಮೊಸಳೆ, ಕೆಸರು ಮೀನು, ಕಪ್ಪೆ ಎಂದು ಐದು ಚೀಟಿ ಬರೆದು, "ಇದರಲ್ಲಿ ಉಭಯವಾಸಿ ಯಾವುದು?" ಎಂದು ಕೇಳಿ. ಎಲ್ಲವೂ ಎನ್ನುತ್ತಾರೆ. ಆಗ ಮೂರು ಸುಳಿವು ಕೊಡಿ. ಅದಕ್ಕೆ ಬೆನ್ನುಮೂಳೆ ಇರಬೇಕು. ಮೈಮೇಲೆ ಹುರುಪೆ, ಚಿಪ್ಪು, ಪುಕ್ಕ, ಕೂದಲು ಯಾವುದೂ ಇರಬಾರದು. ಮೊಟ್ಟೆಗೆ ಗಟ್ಟಿ ಓಡು ಇರಬಾರದು. ಏಡಿಗೆ ಬೆನ್ನುಮೂಳೆ ಇಲ್ಲ, ಅದು ಆಟದಿಂದ ಹೊರಗೆ. ಆಮೆ, ಮೊಸಳೆ, ಮೀನು ಎರಡನೇ ಸುಳಿವಿಗೆ ಬಿದ್ದವು. ಉಳಿದದ್ದು ಕಪ್ಪೆ ಒಂದೇ, ಅದೂ ಬೆತ್ತಲೆ ಚರ್ಮದಲ್ಲಿ.

'ಎರಡು ಮನೆ' ಎನ್ನುವುದಕ್ಕಿಂತ 'ಎರಡು ಬಾಳು' ಎಂದು ಹೇಳಿಕೊಡಿ. ಇಂಗ್ಲಿಷಿನ ಆಂಫಿಬಿಯನ್ ಪದದ ಗ್ರೀಕ್ ಬೇರಿಗೂ ಅದೇ ಅರ್ಥ. ಚಿಕ್ಕಂದಿನಲ್ಲಿ ಕಿವಿರಿರುವ, ಪಾಚಿ ಕೆರೆದು ತಿನ್ನುವ ಗೊದಮೊಟ್ಟೆ. ದೊಡ್ಡದಾದ ಮೇಲೆ ಶ್ವಾಸಕೋಶವಿರುವ, ಹುಳ ಹಿಡಿದು ನುಂಗುವ ಕಪ್ಪೆ. ಒಂದೇ ಜೀವ, ಆದರೆ ಹೊಟ್ಟೆಯೊಳಗಿನ ಕರುಳಿನ ಉದ್ದದ ತನಕ ಎಲ್ಲವೂ ಬದಲು. ನನ್ನ ಅನುಭವದಲ್ಲಿ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ.

ಎರಡನೇ ಹೆಜ್ಜೆ: ಅಡುಗೆಮನೆಯಲ್ಲಿ ಚರ್ಮದ ಪಾಠ

ಕಪ್ಪೆಯ ವಿಷಯದಲ್ಲಿ ಒಂದೇ ಒಂದು ಸಂಗತಿ ಕಲಿಸಲು ಸಮಯವಿದ್ದರೆ ಚರ್ಮದ ಬಗ್ಗೆ ಕಲಿಸಿ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಸೌತೆಕಾಯಿಯ ಎರಡು ಬಿಲ್ಲೆ ಕತ್ತರಿಸಿ ಎರಡು ತಟ್ಟೆಯಲ್ಲಿಡಿ. ಒಂದಕ್ಕೆ ಒಂದು ಚಮಚ ಉಪ್ಪು ಹಚ್ಚಿ, ಇನ್ನೊಂದನ್ನು ಹಾಗೇ ಬಿಡಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಉಪ್ಪು ಹಚ್ಚಿದ ಬಿಲ್ಲೆ ಬಾಡಿ ಮೆತ್ತಗಾಗಿರುತ್ತದೆ, ಸುತ್ತ ನೀರು ನಿಂತಿರುತ್ತದೆ. ಪಚಡಿ ಮಾಡುವ ಮನೆಯಲ್ಲಿ ಇದು ದಿನಾ ನಡೆಯುವುದೇ, ಮಕ್ಕಳು ನೋಡಿರುವುದಿಲ್ಲ ಅಷ್ಟೇ. ಈಗ ಒಂದು ಲೋಟ ಸಿಹಿನೀರಿಗೆ ನಾಲ್ಕು ಒಣದ್ರಾಕ್ಷಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅವು ಉಬ್ಬಿರುತ್ತವೆ.

ಒಣದ್ರಾಕ್ಷಿಗೆ ಬಾಯಿ ಇಲ್ಲ, ಆದರೂ ನೀರು ಕುಡಿಯಿತು ಅಲ್ವಾ? ಕಪ್ಪೆ ಕುಡಿಯುವುದೂ ಹಾಗೆಯೇ. ಅದು ಬಾಯಲ್ಲಿ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಹೊಟ್ಟೆ ಊರಿ ಕೂತರೆ ಸಾಕು, ಹೊಟ್ಟೆ ಮತ್ತು ತೊಡೆಯ ಚರ್ಮ ನೀರನ್ನು ಎಳೆದುಕೊಳ್ಳುತ್ತದೆ. ನೀರು ಒಳಗೆ ಹೋಗುವ ದಾರಿಯಲ್ಲೇ ಹೊರಗೂ ಬರುತ್ತದೆ. ಕಡಲ ನೀರಿನಲ್ಲಿ ಬಿಟ್ಟರೆ ಉಪ್ಪು ಹಚ್ಚಿದ ಸೌತೆಕಾಯಿಯ ಗತಿಯೇ ಅದಕ್ಕೂ. ಟ್ಯಾಗೋರ್ ತೀರದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ. ಆಗ್ನೇಯ ಏಷ್ಯಾದ ಕಾಂಡ್ಲಾ ಕಾಡುಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಒಂದು ಕಪ್ಪೆ ಇದೆ, ಏಡಿಯನ್ನೂ ತಿನ್ನುತ್ತದೆ. ಅಂಥದ್ದು ತೀರಾ ಅಪರೂಪ.

ಕಪ್ಪೆಗೆ ಶ್ವಾಸಕೋಶ ಇದ್ದರೂ ಚರ್ಮದಿಂದಲೂ ಉಸಿರಾಡುತ್ತದೆ. ಗಾಳಿಯ ಆಮ್ಲಜನಕ ಚರ್ಮದ ಮೇಲಿನ ಪಸೆಯಲ್ಲಿ ಕರಗಿ ಒಳಗಿನ ರಕ್ತಕ್ಕೆ ಸೇರಬೇಕು. ಮೈ ಒಣಗಿದರೆ ಆ ದಾರಿ ಮುಚ್ಚಿದ ಹಾಗೆ. ಹಾಗಾಗಿಯೇ ಅದಕ್ಕೆ ಮಳೆ ಬೇಕು, ರಾತ್ರಿ ಬೇಕು, ನೆರಳು ಬೇಕು.

ಇಲ್ಲೇ ಒಂದು ಎಚ್ಚರಿಕೆ. ಉಂಬಳಕ್ಕೆ ಉಪ್ಪು ಹಾಕಿ ಬಿಡಿಸುವುದನ್ನು ಮಲೆನಾಡಿನ ಮಕ್ಕಳು ನೋಡಿರುತ್ತಾರೆ. ಬಚ್ಚಲಿಗೆ ಬಂದ ಕಪ್ಪೆಯನ್ನು ಓಡಿಸಲು ಅದೇ ಉಪ್ಪು ಎರಚುವ ದೊಡ್ಡವರೂ ಇದ್ದಾರೆ. ಸೌತೆಕಾಯಿ ಬಾಡಿದ್ದನ್ನು ನೋಡಿದ ಮಗು ಅವರನ್ನು ತಡೆಯುತ್ತದೆ. ನಮ್ಮಲ್ಲಿ ತಡೆಯಿತು, ಅದೂ ಬಂದ ನೆಂಟರ ಮುಂದೆ. ಸ್ವಲ್ಪ ಮುಜುಗರ ಆಯಿತು, ಇರಲಿ.

ಮೂರನೇ ಹೆಜ್ಜೆ: ನೋಡುವ ಮೊದಲು ಕೇಳಿಸಿಕೊಳ್ಳಿ

ರೋಹಿಣಿ ಮಳೆ ಒಂದೆರಡು ಬಿದ್ದು, ಮೃಗಶಿರಾ ಮಳೆ ಕೂಡಿದ ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದ್ದು. ಅಂದರೆ ಜೂನ್ ಮೊದಲ ಮೂರು ವಾರ. ಕಾಡಿಗೆ ಹೋಗಬೇಕಿಲ್ಲ, ಜಗಲಿಯಲ್ಲಿ ಕೂತರೆ ಸಾಕು. ಕಾರವಾರದ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ನೀರು ನಿಂತರೂ ಗದ್ದಲ ಎದ್ದೇ ಏಳುತ್ತದೆ.

ದೀಪ ಆರಿಸಿ. ಮಾತು ಬೇಡ. ಐದು ನಿಮಿಷ ಕಣ್ಣು ಮುಚ್ಚಿ ಎಷ್ಟು ಬಗೆಯ ದನಿ ಇದೆ ಎಂದು ಬೆರಳು ಮಡಚಿ ಎಣಿಸಲು ಹೇಳಿ. ಮೊದಲ ಸಲ ಒಂದೇ ಎನ್ನುತ್ತಾರೆ: "ವಟವಟ". ಎರಡನೇ ದಿನಕ್ಕೆ ಮೂರು, ವಾರದಲ್ಲಿ ಐದು. ಪ್ರತಿ ದನಿಗೂ ಹೆಸರನ್ನು ಅವರೇ ಇಡಲಿ. ನಮ್ಮ ಹುಡುಗಿ ಒಂದಕ್ಕೆ 'ಬಾಚಣಿಗೆ' ಎಂದಳು. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಕರ್ರ್, ಕರ್ರ್. ಗದ್ದೆ ಬದುವಿನ ಪುಟಾಣಿ ಕಪ್ಪೆ ಅದು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ದನಿ ಮಾತ್ರ ಮೈಗೆ ಮೀರಿದ್ದು. ಎಡೆಬಿಡದೆ ಕುರ್ ಕುರ್ ಎಂದು ಎಳೆಯುತ್ತಾ ಹೋಗುವುದು ನೆಲಗಪ್ಪೆ. ಗೋಡೆ ಮೇಲಿಂದ ಮರದ ತುಂಡು ತಟ್ಟಿದ ಹಾಗೆ ಟಕ್, ಟಕ್, ಟಕ್ ಎನ್ನುವುದು ಮರಗಪ್ಪೆ. ಗುಂಡಿಯೊಳಗಿಂದ ದಪ್ಪ ದನಿಯಲ್ಲಿ ಗದರುವುದು ಗೋಂಕರು ಕಪ್ಪೆ.

ಕೂಗುವುದು ಬಹುತೇಕ ಗಂಡು ಮಾತ್ರ, ಹೆಣ್ಣನ್ನು ಕರೆಯಲು. ಬಾಯಿ ತೆರೆಯದೆಯೇ ಕೂಗುತ್ತದೆ ಎಂದರೆ ಮಕ್ಕಳು ನಂಬುವುದಿಲ್ಲ. ಬಾಯಿ, ಮೂಗು ಮುಚ್ಚಿಕೊಂಡು ಒಳಗಿನ ಗಾಳಿಯನ್ನು ಶ್ವಾಸಕೋಶದಿಂದ ಗಂಟಲ ಕೆಳಗಿನ ಚೀಲಕ್ಕೆ ಹಿಂದೆ ಮುಂದೆ ಓಡಿಸುತ್ತದೆ. ಚೀಲ ಉಬ್ಬಿ ದನಿ ದೊಡ್ಡದಾಗುತ್ತದೆ. ತುಟಿ ಒತ್ತಿ ಹಿಡಿದು "ಮ್‌ಮ್" ಎನ್ನಿಸಿ ನೋಡಿ, ಅಂದಾಜು ಸಿಗುತ್ತದೆ.

ಜೀರುಂಡೆಯ ಸದ್ದು ಯಾವುದು, ಕಪ್ಪೆಯದು ಯಾವುದು ಎಂದು ಮೊದಮೊದಲು ಗೊಂದಲ ಆಗುತ್ತದೆ. ನನಗೂ ಆಗುತ್ತಿತ್ತು, ಕೆಲವು ಪೊದೆಗಪ್ಪೆಗಳ ವಿಷಯದಲ್ಲಿ ಈಗಲೂ ಆಗುತ್ತದೆ. ಮೊಬೈಲಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಡಿ. ಆದರೆ ಆ ದನಿಯನ್ನು ಅಲ್ಲೇ ಜೋರಾಗಿ ಹಾಕಿ ಕಪ್ಪೆಗಳನ್ನು ಕೆಣಕಬೇಡಿ.

ನಾಲ್ಕನೇ ಹೆಜ್ಜೆ: ಟಾರ್ಚು ಹಿಡಿದು ಹೊರಡುವುದು

ಮೊದಲು ಸುರಕ್ಷತೆ, ಇದರಲ್ಲಿ ನಾನು ಕಟ್ಟುನಿಟ್ಟು. ಕಪ್ಪೆ ಇದ್ದಲ್ಲಿ ಕಪ್ಪೆ ತಿನ್ನುವ ಹಾವೂ ಇರುತ್ತದೆ. ಎಲ್ಲರಿಗೂ ಗಂಬೂಟು, ತಲೆಗೊಂದು ಟಾರ್ಚು. ಕಲ್ಲಿನ ಸಂದಿಗೆ, ತರಗೆಲೆಯೊಳಗೆ ಕೈ ಹಾಕುವ ಹಾಗಿಲ್ಲ. ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು. ಕಾಲಲ್ಲಿ ಗಾಯವಿದ್ದರೆ ಗದ್ದೆ ನೀರಿಗೆ ಇಳಿಸಬೇಡಿ, ಇಲಿ ಜ್ವರದ ಭಯ ಇದೆ. ಹರಿವ ಹಳ್ಳದ ಹತ್ತಿರ ಜೋರು ಮಳೆಯಲ್ಲಿ ಬೇಡವೇ ಬೇಡ. ಬೇಸಿಗೆಯಲ್ಲಿ ಒಣ ತರಗೆಲೆಯ ಕಾಡಿಗೆ ಮಕ್ಕಳನ್ನು ಕಪ್ಪೆ ಹುಡುಕಲು ಕರೆದೊಯ್ಯುವುದೂ ಬೇಡ. ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆಯ ಉಣುಗಿನ ಬಗ್ಗೆ ಹೇಳಬೇಕಿಲ್ಲ.

ಅರ್ಧ ಗಂಟೆ ಸಾಕು. ದೂರ ಹೋಗುವುದಕ್ಕಿಂತ ಒಂದೇ ಹೊಂಡದ ಸುತ್ತ ನಿಧಾನಕ್ಕೆ ನೋಡಿದರೆ ಜಾಸ್ತಿ ಸಿಗುತ್ತದೆ. ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದರೆ ಕಪ್ಪೆಯ ಕಣ್ಣು ಹೊಳೆಯುತ್ತದೆ. ಆಮೇಲೆ ಬೆಳಕನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಕಣ್ಣಿಗೇ ಹಿಡಿದು ನಿಲ್ಲಬೇಡಿ.

ಏನೇನು ಕಾಣಬಹುದು? ನೀರಿನ ಮೇಲೆ ಎರಡು ಕಣ್ಣು ಮಾತ್ರ ತೇಲುತ್ತಿದ್ದು, ಹತ್ತಿರ ಹೋದೊಡನೆ ಚಪ್ಪೆಕಲ್ಲು ಎಸೆದ ಹಾಗೆ ನೀರ ಮೇಲೇ ಪುಟಿಯುತ್ತಾ ಓಡುವ ಕಪ್ಪೆ. ಬೀದಿ ದೀಪದ ಕೆಳಗೆ ಹುಳಕ್ಕೆ ಕಾದು ಕೂತ ನೆಲಗಪ್ಪೆ. ಅದೃಷ್ಟ ಇದ್ದರೆ ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆಯೇ ಗದ್ದೆಯಲ್ಲಿ ಗಂಡು ಗೋಂಕರು ಕಪ್ಪೆ. ಇಡೀ ವರ್ಷ ಕೆಸರು ಬಣ್ಣದಲ್ಲಿದ್ದದ್ದು ಆಗ ನಿಂಬೆಹಣ್ಣಿನ ಹಳದಿಗೆ ತಿರುಗಿರುತ್ತದೆ, ಗಂಟಲ ಎರಡು ಪಕ್ಕ ಗಾಢ ನೀಲಿ ಚೀಲ. ಯಾರೋ ಬಣ್ಣ ಬಳಿದಿದ್ದಾರೆ ಎಂದೇ ಮಕ್ಕಳು ವಾದಿಸುತ್ತಾರೆ. ಈ ದೊಡ್ಡ ಕಪ್ಪೆಯ ಕಾಲಿಗಾಗಿಯೇ ಒಂದು ಕಾಲದಲ್ಲಿ ನಮ್ಮ ದೇಶದಿಂದ ರಫ್ತು ನಡೆಯುತ್ತಿತ್ತು, 1987ರಲ್ಲಿ ಅದನ್ನು ನಿಲ್ಲಿಸಿದರು. ಮಾಜಾಳಿ ದಾಟಿ ಗೋವಾಕ್ಕೆ ಹೋದರೆ ಮಳೆಗಾಲದಲ್ಲಿ 'ಜಂಪಿಂಗ್ ಚಿಕನ್' ಎಂಬ ಮಾತು ಕೇಳಬಹುದು, ಅದೂ ಇದೇ ಕಪ್ಪೆ. ಕಾನೂನು ಒಪ್ಪುವುದಿಲ್ಲ. ದೊಡ್ಡ ಮಕ್ಕಳಿಗೆ ಇದನ್ನು ಹೇಳಿ, ಸಣ್ಣವರಿಗೆ ಸದ್ಯಕ್ಕೆ ಬೇಡ.

ಘಟ್ಟದ ಮೇಲಿನವರಿಗೆ ಒಂದು ಹೆಚ್ಚಿನ ಭಾಗ್ಯ ಇದೆ. ಅಣ್ಣನ ತೋಟದ ಕೆರೆಯ ಮೇಲೆ ಚಾಚಿದ ಕೊಂಬೆಯೊಂದರಲ್ಲಿ ಆ ವರ್ಷ ಮುಷ್ಟಿ ಗಾತ್ರದ ಬಿಳಿ ನೊರೆ ಜೋತುಬಿದ್ದಿತ್ತು. "ಯಾರೋ ಬಟ್ಟೆ ತೊಳೆದ ಸೋಪಿನ ನೊರೆ" ಎಂದ ಸಣ್ಣವನು. ಮರದ ಮೇಲೆ ಬಟ್ಟೆ ತೊಳೆಯುವವರು ಯಾರಪ್ಪಾ ಎಂದು ಅಕ್ಕ ನಕ್ಕಳು. ಅದು ಮಲಬಾರ್ ಹಾರುವ ಕಪ್ಪೆಯ ಗೂಡು. ಎಲೆಹಸಿರು ಮೈ, ಬೆರಳ ನಡುವೆ ಕೆಂಪು ಪೊರೆ, ಆ ಪೊರೆ ಹರಡಿಕೊಂಡು ಮರದಿಂದ ಮರಕ್ಕೆ ತೇಲುತ್ತಾ ಇಳಿಯುತ್ತದೆ. ಮೊಟ್ಟೆ ಇಡುವಾಗ ಹೆಣ್ಣು ತನ್ನ ಮೈಯಿಂದ ಬಂದ ಲೋಳೆಯನ್ನು ಹಿಂಗಾಲಿನಿಂದ ಕಡೆದು ಕಡೆದು ನೊರೆ ಮಾಡುತ್ತದೆ, ಮಜ್ಜಿಗೆ ಕಡೆದ ಹಾಗೆ.

ನಾವು ದಿನಾ ನೋಡಲು ಹೋದೆವು. ನೊರೆಯ ಹೊರಗಿನ ಪದರ ಒಣಗಿ ದೋಸೆಯ ಅಂಚಿನ ಹಾಗೆ ಕಂದಾಯಿತು. ಒಳಗೆ ಮಾತ್ರ ಹಸಿ. ಕೆಲವು ದಿನ ಕಳೆದು ಒಂದು ಸಂಜೆ ಮಳೆ ಹೊಡೆಯುವಾಗ ಕೊಡೆ ಹಿಡಿದು ನಿಂತಿದ್ದೆವು. ಗೂಡಿನ ಅಡಿಭಾಗ ಕರಗಿ ಲೋಳೆಯ ಎಳೆ ಜಗ್ಗಿತು. ಎಳೆಯ ತುದಿಯಲ್ಲಿ ಸಾಸಿವೆಗೆ ಬಾಲ ಬಂದಂಥದ್ದು ಏನೋ ಕೊಸರಾಡಿತು, ಟಪ್ ಎಂದು ಕೆರೆಗೆ ಬಿತ್ತು. ಇನ್ನೊಂದು. ಮತ್ತೊಂದು. ಹುಡುಗ ಎಣಿಸಲು ಶುರು ಮಾಡಿದ, ಹನ್ನೆರಡರ ನಂತರ ಲೆಕ್ಕ ತಪ್ಪಿತು.

ಐದನೇ ಹೆಜ್ಜೆ: ಗೊದಮೊಟ್ಟೆಯನ್ನು ಹೊಂಡದಲ್ಲೇ ಬೆಳೆಯಲು ಬಿಡಿ

ನನ್ನ ತಪ್ಪಿನ ಕತೆ ಇಲ್ಲಿದೆ. ಮೊದಲ ವರ್ಷ ಉತ್ಸಾಹದಲ್ಲಿ ಒಂದು ಬಕೆಟ್ಟಿಗೆ ಹೊಂಡದ ನೀರು, ಇಪ್ಪತ್ತು ಗೊದಮೊಟ್ಟೆ ತುಂಬಿ ಮನೆಗೆ ತಂದೆ. ಪಾಪ, ಹಸಿದಿರಬಹುದು ಎಂದು ಮಕ್ಕಳು ಅನ್ನದ ಅಗುಳು ಹಾಕಿದರು. ಎರಡು ದಿನದಲ್ಲಿ ನೀರು ನಾತ. ಅರ್ಧ ಸತ್ತವು. ಗಾಬರಿಯಾಗಿ ನಲ್ಲಿ ನೀರು ತುಂಬಿದೆ, ಅದರ ಕ್ಲೋರಿನ್ನಿಗೆ ಇನ್ನಷ್ಟು ಹೋದವು. ಉಳಿದ ಮೂರಕ್ಕೆ ನಾಲ್ಕೂ ಕಾಲು ಬಂದಾಗ ನಾವು ಹಬ್ಬ ಮಾಡಿದ್ದೆವು. ಮರುದಿನ ಬೆಳಿಗ್ಗೆ ಮೂರೂ ನೀರಲ್ಲಿ ಮುಳುಗಿ ಸತ್ತಿದ್ದವು. ಕಿವಿರು ಹೋಗಿ ಶ್ವಾಸಕೋಶ ಬಂದ ಮೇಲೆ ಅವಕ್ಕೆ ಹತ್ತಿ ಕೂರಲು ದಡ ಬೇಕು. ಬಕೆಟ್ಟಿಗೆ ದಡ ಎಲ್ಲಿ? ಒಂದು ಕಲ್ಲು ಇಡಬೇಕೆಂಬ ಬುದ್ಧಿ ನನಗೆ ಬರಲಿಲ್ಲ. ಹುಡುಗ ಆ ದಿನ ಊಟ ಮಾಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ದೇಶದಲ್ಲಿ ಕಾಡುಜೀವಿ ಸಾಕುವುದು ಆಟದ ಮಾತೂ ಅಲ್ಲ. ಒಂದು ಹೊಂಡದಿಂದ ಇನ್ನೊಂದಕ್ಕೆ ಬಿಡುವುದೂ ಬೇಡ. ಕಪ್ಪೆಗಳ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ ಬೇರೆ ದೇಶಗಳಲ್ಲಿ ಜಾತಿಗೆ ಜಾತಿಯನ್ನೇ ಅಳಿಸಿದೆ, ಇಂಥ ರೋಗ ನೀರಿನ ಜೊತೆಯೇ ಸಾಗುತ್ತದೆ.

ಬದಲಿಗೆ ನಡೆದು ಹೋಗುವಷ್ಟು ಹತ್ತಿರದ ಒಂದು ಹೊಂಡ ಆರಿಸಿ. ತೋಟದ ಬಸಿಗಾಲುವೆ, ಗದ್ದೆಯ ಮೂಲೆ, ರಸ್ತೆ ಬದಿಯ ಗುಂಡಿ ಯಾವುದಾದರೂ ಆದೀತು. ಮೂರು ದಿನಕ್ಕೊಮ್ಮೆ ಹೋಗಿ. ಒಂದು ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಅದೇ ಹೊಂಡದ ನೀರು ಮೊಗೆದು ಎರಡು ಗೊದಮೊಟ್ಟೆ ಬರುವಂತೆ ಮಾಡಿ, ಐದು ನಿಮಿಷ ನೋಡಿ, ಚಿತ್ರ ಬರೆದು, ಅಲ್ಲೇ ಬಿಡಿ. ಬಿಳಿ ಬಟ್ಟಲೇ ಯಾಕೆಂದರೆ ಕರಿ ಮೈ ಸ್ಪಷ್ಟ ಕಾಣುತ್ತದೆ. 'ಬಾಚಣಿಗೆ' ಕಪ್ಪೆಯ ಗೊದಮೊಟ್ಟೆ ಸಿಕ್ಕರಂತೂ ಗಾಜಿನಂಥ ಮೈಯೊಳಗೆ ಸುರುಳಿ ಕರುಳು ಕೂಡ ಕಾಣುತ್ತದೆ.

ನೋಡಬೇಕಾದದ್ದು ಇಷ್ಟು. ಮೊಟ್ಟೆ ಮಣಿಸರದ ಹಾಗೆ ಲೋಳೆಯ ದಾರದಲ್ಲಿದ್ದರೆ ನೆಲಗಪ್ಪೆಯದು, ಸಾಬಕ್ಕಿ ಮುದ್ದೆಯ ಹಾಗಿದ್ದರೆ ಬೇರೆ ಯಾವುದೋ ಕಪ್ಪೆಯದು. ಮೊದಲು ಬರುವುದು ಹಿಂಗಾಲು. ಮುಂಗಾಲು ಒಳಗೇ ಬೆಳೆದು ಆಮೇಲೆ ಚರ್ಮ ತೂರಿ ಹೊರಬರುತ್ತದೆ, ಕೆಲವೊಮ್ಮೆ ಒಂದೇ ಕೈ ಬಂದು ಇನ್ನೊಂದು ಬಾಕಿ ಇರುತ್ತದೆ. ಬಾಲ ಉದುರುವುದಿಲ್ಲ. ಇದನ್ನು ಎಷ್ಟೋ ದೊಡ್ಡವರೂ ತಪ್ಪು ಹೇಳುತ್ತಾರೆ. ಬಾಲ ಮೈಯೊಳಗೇ ಕರಗುತ್ತದೆ. ಬಾಯಿ, ಕರುಳು ಎಲ್ಲ ಹೊಸದಾಗುವ ಆ ಕೆಲವು ದಿನ ಅದು ಏನೂ ತಿನ್ನುವುದಿಲ್ಲ, ತನ್ನ ಬಾಲವೇ ಅದಕ್ಕೆ ಬುತ್ತಿ.

ಹೊಂಡ ಒಣಗಿ ಎಲ್ಲವೂ ಸಾಯಬಹುದು. ಕೊಕ್ಕರೆ ತಿಂದು ಹೋಗಬಹುದು. ಮಕ್ಕಳಿಂದ ಅದನ್ನು ಮುಚ್ಚಿಡಬೇಡಿ. ಸಾವಿರಾರು ಮೊಟ್ಟೆ ಇಡುವುದು ಯಾಕೆ ಎಂದು ಅವರೇ ಕೇಳುತ್ತಾರೆ.

ಆರನೇ ಹೆಜ್ಜೆ: ಪಾಠ ಮೀರಿದವರ ಕತೆಗಳು

ಮೊಟ್ಟೆ, ಗೊದಮೊಟ್ಟೆ, ಕಪ್ಪೆ ಎಂಬ ಚಕ್ರ ಗೊತ್ತಾದ ಮೇಲೆ ಅದನ್ನು ಮುರಿಯಿರಿ. ಪಶ್ಚಿಮ ಘಟ್ಟ ಇರುವುದೇ ಅದಕ್ಕೆ!

ನಮ್ಮ ಜಿಲ್ಲೆಯದೇ ಹೆಮ್ಮೆ ಕುಂಬಾರ ಕಪ್ಪೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ತೊರೆಗಳಲ್ಲಿ ಸಂಶೋಧಕರು ಇದನ್ನು ಗಮನಿಸಿ 2014ರಲ್ಲಿ ಹೊಸ ಜಾತಿ ಎಂದು ಪ್ರಕಟಿಸಿದರು. ವೈಜ್ಞಾನಿಕ ಹೆಸರಿನಲ್ಲೇ 'ಕುಂಬಾರ' ಎಂಬ ಕನ್ನಡ ಪದ ಇದೆ: ನಿಕ್ಟಿಬಟ್ರಾಕಸ್ ಕುಂಬಾರ. ಹೆಣ್ಣು ನೀರಿನ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಗಂಡು ತೊರೆಯ ಕೆಸರನ್ನು ಮುಂಗೈಯಲ್ಲಿ ಬಾಚಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಈ ಕತೆ ಹೇಳುವಾಗ ಮಕ್ಕಳ ಕೈಗೆ ಒಂದು ಮುದ್ದೆ ಜೇಡಿಮಣ್ಣು, ನಾಲ್ಕು ಸಾಬಕ್ಕಿ, ಒಂದು ಕಡ್ಡಿ ಕೊಡಿ. ಒಡೆಯದೆ ಮೆತ್ತುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಕಪ್ಪೆಗೆ ಕೊಟ್ಟದ್ದು ನಾಲ್ಕೇ ಬೆರಳಿನ ಕೈ ಎಂದೂ ನೆನಪಿಸಿ.

ಪೊದೆಗಪ್ಪೆಗಳು ಗೊದಮೊಟ್ಟೆಯ ಹಂತವನ್ನೇ ಬಿಟ್ಟುಬಿಟ್ಟಿವೆ. ಮೊಟ್ಟೆಯೊಳಗೇ ಎಲ್ಲ ಮುಗಿಸಿ ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತವೆ, ಅವಕ್ಕೆ ಹೊಂಡ ಬೇಡ. ಇಂಡಿರಾನಾ ಎಂಬ ಗುಂಪಿನ ಗೊದಮೊಟ್ಟೆಗಳು ನೀರು ಜಿನುಗುವ ಬಂಡೆಯ ಮೈಗೆ ಅಂಟಿಕೊಂಡು ಬೆಳೆಯುತ್ತವೆ, ಮುಟ್ಟಲು ಹೋದರೆ ಚಿಮ್ಮುತ್ತವೆ. ದೇವಿಮನೆ ಘಟ್ಟದಲ್ಲಿ ಮಳೆಗಾಲದಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಇಂಥ ಒದ್ದೆ ಬಂಡೆಗಳನ್ನು ಹತ್ತಿರದಿಂದ ನೋಡಿ. ಹರಿವ ತೊರೆಯ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲವೆಂದು ಹಿಂಗಾಲು ಚಾಚಿ ಬೀಸಿ ಸನ್ನೆ ಮಾಡುವ 'ಕುಣಿಯುವ ಕಪ್ಪೆ'ಗಳೂ ಘಟ್ಟದಲ್ಲಿವೆ.

ಇನ್ನೊಂದು ಬಂಧುವನ್ನು ಮರೆಯಬೇಡಿ. ತೋಟದಲ್ಲಿ ಮಣ್ಣು ಅಗೆಯುವಾಗ ಎರೆಹುಳವೋ ಹಾವಿನ ಮರಿಯೋ ಎಂದು ತಿಳಿಯದ, ಉಂಗುರ ಉಂಗುರದ ಗೆರೆಯ, ಜಾರುವ ಮೈಯ ಜೀವಿ ಕಾಣುತ್ತದಲ್ಲ, ಅದು ಸಿಸಿಲಿಯನ್ ಆಗಿರಬಹುದು. ಕಾಲಿಲ್ಲದ ಉಭಯವಾಸಿ. ಹುರುಪೆ ಕಾಣುವುದಿಲ್ಲ, ಎರೆಹುಳಕ್ಕಿಲ್ಲದ ದವಡೆ, ಹಲ್ಲು, ಬೆನ್ನುಮೂಳೆ ಇದೆ. ಕಣ್ಣು ಮಂದ. ಕಣ್ಣಿಗೂ ಮೂಗಿಗೂ ನಡುವಿನ ಪುಟ್ಟ ಮೀಸೆಯಂಥ ಅಂಗದಿಂದ ಮಣ್ಣಿನೊಳಗಿನ ವಾಸನೆ ಹಿಡಿಯುತ್ತದೆ. ಇವುಗಳಲ್ಲಿ ಕೆಲವು ತಾಯಂದಿರು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕಾವಲು ಕೂರುತ್ತವೆ. ಆಫ್ರಿಕಾದ ಒಂದು ಜಾತಿಯ ಮರಿಗಳು ಅಮ್ಮನ ಮೇಲ್ಚರ್ಮವನ್ನೇ ಕೆರೆದು ತಿಂದು ಬೆಳೆಯುತ್ತವೆ. ಹಾವೆಂದು ಗುದ್ದಲಿಯಿಂದ ಕಡಿಯುವುದೇ ನಮ್ಮಲ್ಲಿ ಜಾಸ್ತಿ, ಮಕ್ಕಳ ಮೂಲಕ ತೋಟದ ಕೆಲಸಕ್ಕೆ ಬರುವವರಿಗೂ ಹೇಳಿಸಿ. ಮೂರನೇ ಗುಂಪು ಬಾಲವಿರುವ ಸಾಲಮಾಂಡರ್‌ಗಳದು. ಅವನ್ನು ನಮ್ಮ ದೇಶದಲ್ಲಿ ನೋಡಬೇಕೆಂದರೆ ಡಾರ್ಜಿಲಿಂಗ್ ಕಡೆ ಹೋಗಬೇಕು.

ಏಳನೇ ಹೆಜ್ಜೆ: ಮುಟ್ಟಬಹುದೇ?

ಮುಟ್ಟದಿದ್ದರೆ ಒಳ್ಳೆಯದು. ಮುಟ್ಟಲೇಬೇಕೆಂದು ಹಟ ಹಿಡಿದರೆ ಕ್ರಮ ಹೀಗೆ. ಕೈಯಲ್ಲಿ ಸೋಪು, ಎಣ್ಣೆ, ಸೊಳ್ಳೆ ಮುಲಾಮು ಏನೂ ಇರಬಾರದು. ಚರ್ಮ ನೀರು ಎಳೆದುಕೊಂಡಂತೆ ಅದನ್ನೂ ಎಳೆದುಕೊಳ್ಳುತ್ತದೆ. ಕೈಯನ್ನು ಅದೇ ಹೊಂಡದ ನೀರಲ್ಲಿ ತೋಯಿಸಿ, ನೆಲದ ಹತ್ತಿರ ಬೊಗಸೆ ಹಿಡಿದು, ತಾನಾಗಿ ಹತ್ತಿದರೆ ಎಣಿಸಿ ಹತ್ತರೊಳಗೆ ಇಳಿಸಿ. ಕಾಲು ಹಿಡಿದು ನೇತಾಡಿಸುವ ಹಾಗಿಲ್ಲ. ಆಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಬೇಕು, ಅಲ್ಲಿಯ ತನಕ ಕಣ್ಣು ಬಾಯಿ ಮುಟ್ಟಬಾರದು.

ನೆಲಗಪ್ಪೆ ಮುಟ್ಟಿದರೆ, ಅದು ಉಚ್ಚೆ ಹೊಯ್ದರೆ ನರುಲಿ ಏಳುತ್ತದೆ ಎನ್ನುವುದು ಸುಳ್ಳು. ನರುಲಿ ಬರುವುದು ಒಂದು ವೈರಸ್ಸಿನಿಂದ. ಆದರೆ ಅದರ ಕಣ್ಣಿನ ಹಿಂದಿನ ಉಬ್ಬು ಗ್ರಂಥಿಗಳಲ್ಲಿ ವಿಷ ಇರುವುದು ನಿಜ. ಬಾಯಿ ಹಾಕಿದ ನಾಯಿ ನೊರೆ ಸುರಿಸುತ್ತಾ ಒದ್ದಾಡುವುದು ಅದರಿಂದಲೇ. ಹೆದರಿಸಲು ಬೇಡ, ಗೊತ್ತಿರಲಿ. ಕಪ್ಪೆ ಕಂಡರೆ ಕಿರುಚುವ ಮಕ್ಕಳಿದ್ದರೆ ಎರಡಡಿ ದೂರದಿಂದ ಅದು ನುಂಗುವುದನ್ನು ತೋರಿಸಿ. ನುಂಗುವಾಗ ಕಣ್ಣು ಮುಚ್ಚಿ ಒಳಕ್ಕೆ ಇಳಿಯುತ್ತದೆ, ಕಣ್ಣಗುಡ್ಡೆಯೇ ತುತ್ತನ್ನು ಗಂಟಲಿಗೆ ತಳ್ಳುತ್ತದೆ. ಹೆದರಿದ ಮಗು ನಗುವುದನ್ನು ನಾನು ನೋಡಿದ್ದೇನೆ.

ಎಂಟನೇ ಹೆಜ್ಜೆ: ನೋಟ್‌ಬುಕ್

ತಾರೀಕು, ಯಾವ ಮಳೆ, ಜಾಗ, ಕೇಳಿದ ದನಿ, ಕಂಡದ್ದು. ಇಷ್ಟು ಸಾಕು, ಚಂದ ಅಕ್ಷರಕ್ಕೆ ಒತ್ತಾಯ ಮಾಡಬೇಡಿ. ಫೋಟೊ ಇದ್ದರೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಜಾಲತಾಣಕ್ಕೆ ಹಾಕಿ, ಬಲ್ಲವರು ಹೆಸರು ಹೇಳುತ್ತಾರೆ. ದೊಡ್ಡ ಮಕ್ಕಳಿಗೆ ಒಂದು ಅಂಕಿ ಕೊಡಬಹುದು: 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ ಎಂಟು ಸಾವಿರಕ್ಕೂ ಹೆಚ್ಚು ಉಭಯವಾಸಿ ಜಾತಿಗಳನ್ನು ಪರಿಶೀಲಿಸಿ, ಸುಮಾರು 41 ಶೇಕಡಾ ಅಳಿವಿನ ಅಂಚಿಗೆ ಸರಿಯುತ್ತಿವೆ ಎಂದಿದೆ. ಅಂಕಿ ಕೊಟ್ಟು ಸುಮ್ಮನಾಗಿ. ನಮ್ಮ ಹುಡುಗಿ ಅದನ್ನು ಕೇಳಿದ ಮೇಲೆ ಮಳೆ ರಾತ್ರಿಯಲ್ಲಿ ಕಾರು ಹತ್ತಿದರೆ ಮುಂದಿನ ಸೀಟೇ ಬೇಕು ಎನ್ನುತ್ತಾಳೆ, ರಸ್ತೆ ದಾಟುವ ಕಪ್ಪೆ ಕಂಡರೆ "ನಿಧಾನ, ಅಪ್ಪಾ" ಎನ್ನಲು.

ಮಳೆ ಬಿಟ್ಟ ಮೇಲೆ ಕಪ್ಪೆಗಳೆಲ್ಲ ಎಲ್ಲಿಗೆ ಹೋದವು ಎಂಬ ಪ್ರಶ್ನೆ ಬಂದೇ ಬರುತ್ತದೆ. ಗೋಂಕರು ಕಪ್ಪೆ ಮಣ್ಣಿನೊಳಗೆ ಇಳಿದು ಕೂತಿರುತ್ತದೆ. ನೆಲಗಪ್ಪೆ ಕಲ್ಲಿನಡಿ, ಮರಗಪ್ಪೆ ಬಚ್ಚಲಿನ ತಂಪು ಮೂಲೆಯಲ್ಲಿ. ಮಾರ್ಚ್ ತಿಂಗಳಲ್ಲಿ ಒಮ್ಮೆ ಮನೆಯ ಹೂಕುಂಡಗಳನ್ನು ದೊಡ್ಡವರೇ ನಿಧಾನಕ್ಕೆ ಓರೆ ಮಾಡಿ ತೋರಿಸಿ. ನಮ್ಮ ಕಾರವಾರದ ಮನೆಯ ತುಳಸಿ ಕುಂಡದ ಅಡಿಯಲ್ಲಿ ಒಂದು ನೆಲಗಪ್ಪೆ ಇದೆ, ಅಂಗೈಯಗಲದ ಒದ್ದೆ ಜಾಗದಲ್ಲಿ ಹೊಟ್ಟೆ ಊರಿ ಕೂತಿರುತ್ತದೆ. ರಜೆಗೆ ಬಂದ ಹುಡುಗ ಕಡಲಿಗೆ ಓಡುವ ಮೊದಲು ಕುಂಡಕ್ಕೆ ಒಂದು ತಂಬಿಗೆ ನೀರು ಹಾಕುತ್ತಾನೆ. "ತುಳಸಿಗಾ?" ಎಂದರೆ, "ಅಲ್ಲ ಅತ್ತೆ, ಕೆಳಗಿನವನಿಗೆ."